ಖಡಿ ರಸ್ತೆಗೆ ಯಾವ ಗಾಲಿ?

ನೆಗ್ಗಿಲ ಮುಳ್ಳನ್ನು ನೆಲದ ಮೇಲೆ ಹೇಗೆ ಎಸೆದರೂ ಒಂದು ಮೊನೆಯಾದರೂ ಆಕಾಶ ನೋಡುತ್ತಾ ನಿಲ್ಲುತ್ತದೆ. ದನದ ಗೊರಸಿಗೋ ದಾರಿಹೋಕರ ಚಪ್ಪಲಿಗೋ ಚುಚ್ಚಿಕೊಂಡು ಬೀಜ ಊರೂರು ಸುತ್ತಲಿ ಎಂದು ಗಿಡ ಹೂಡಿದ ಹಂಚಿಕೆ ಅದು. ಸೈಕಲ್ ಬಂದ ಮೇಲೆ ಅದಕ್ಕೆ ಇನ್ನೊಂದು ಸವಾರಿ ಸಿಕ್ಕಿತು. ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನಿಂದ ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಕಡೆ ಹರಡಿರುವ ಹೊಲದ ದಾರಿಗಳಲ್ಲಿ ಸೈಕಲ್ ತುಳಿದವರಿಗೆ ಈ ಮುಳ್ಳಿನ ಪರಿಚಯ ಬೇರೆ ಬೇಕಿಲ್ಲ. ಇದೇ ಗಿಡ, ಸಸ್ಯಶಾಸ್ತ್ರದ ಟ್ರಿಬ್ಯುಲಸ್ ಟೆರೆಸ್ಟ್ರಿಸ್, ಅಮೆರಿಕದ ಪಶ್ಚಿಮ ರಾಜ್ಯಗಳ ಸೈಕಲ್ ಸವಾರರನ್ನೂ ಕಾಡುತ್ತದೆ. ಎರಡು ಕೊಂಬು ಕಾಣುವುದರಿಂದ ಅವರು ಅದಕ್ಕೆ ಆಡಿನ ತಲೆ ಎಂದು ಹೆಸರಿಟ್ಟಿದ್ದಾರೆ.

ಡಾಂಬರು ಕಾಣದ ದಾರಿಯಲ್ಲಿ ಸೈಕಲ್ ಹೊಡೆಯುವುದು ಈಗ ಜಗತ್ತಿನಲ್ಲಿ ದೊಡ್ಡ ಶೋಕಿ. 2006ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಊರಿನಿಂದ 34 ಮಂದಿ ಖಡಿ ರಸ್ತೆಯಲ್ಲಿ 200 ಮೈಲಿಯ ಓಟಕ್ಕೆ ಹೊರಟರು. ಇಂದು 'ಅನ್‌ಬೌಂಡ್' ಎಂದು ಕರೆಸಿಕೊಳ್ಳುವ ಆ ಓಟಕ್ಕೆ ಸಾವಿರಾರು ಜನ ಸೇರುತ್ತಾರೆ. 2022ರಲ್ಲಿ ಇಟಲಿಯಲ್ಲಿ ಈ ಬಗೆಯ ಸವಾರಿಗೆ ವಿಶ್ವ ಚಾಂಪಿಯನ್‌ಷಿಪ್ ಕೂಡ ಶುರುವಾಯಿತು. ಕಾಕತಾಳೀಯವೋ ಏನೋ, ಆ 34 ಮಂದಿ ಹೊರಟ 2006-07ರ ಸುಮಾರಿಗೇ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಮರಂ ಹಾಕಿದ ದಾರಿಯಲ್ಲಿ, ಕಾಲುವೆ ಏರಿಯ ಮೇಲೆ ಶಾಲೆಗೆ ಹೋದ ಆ ಮಕ್ಕಳಿಗೆ ತಾವು ಮಾಡುತ್ತಿರುವುದು 'ಗ್ರಾವೆಲ್ ರೈಡಿಂಗ್' ಎಂದು ಯಾರೂ ಹೇಳಲಿಲ್ಲ.

ಗಾಲಿ ಆರಿಸುವ ಮೊದಲು ನೆಲ ನೋಡಬೇಕು. ಈ ಸೀಮೆಯ ಅಡಿಪಾಯ ಗ್ರಾನೈಟ್ ಜಾತಿಯ ನೈಸ್ ಶಿಲೆ. ಅದು ಶಿಥಿಲವಾಗಿ ಉದುರಿದಾಗ ಆಗುವುದೇ ಕೆಂಪು ಮರಂ. ನೆನೆಸಿ ರೋಲರ್ ಓಡಿಸಿದರೆ ಅಂಗಳದಂತೆ ಗಟ್ಟಿ; ಎರಡು ಬೇಸಿಗೆ ಕಳೆದರೆ ಮೇಲಿನ ನುಣುಪು ಹಾರಿಹೋಗಿ ಸಣ್ಣ ಹರಳು ಉಳಿಯುತ್ತದೆ. ಆಗ ಗಾಲಿಯ ಪಾಡು ಗಚ್ಚಿನ ನೆಲದ ಮೇಲೆ ಚೆಲ್ಲಿದ ಜೋಳದ ಕಾಳು ತುಳಿದವರ ಪಾಡು. ಜತೆಗೆ ಹಟ್ಟಿಯಿಂದ ಮಸ್ಕಿಯ ಕಡೆಗೆ ಹಾಯುವ ಶಿಸ್ಟ್ ಶಿಲೆಯ ಪಟ್ಟಿಯೊಂದಿದೆ. ಅದರೊಳಗಿನ ಬೆಣಚುಕಲ್ಲಿನ ಎಳೆಗಳಲ್ಲೇ ಹಟ್ಟಿಯ ಚಿನ್ನ ಇರುವುದು. (ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್‌ಗೆ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕನ ಹೆಸರಿದ್ದ ಶಾಸನ. ಯಾವುದು ಹೆಚ್ಚಿನ ಬೆಲೆಯದು ಎಂಬುದು ಅವರವರ ಲೆಕ್ಕ.) ಬೆಣಚು ಸುಲಭಕ್ಕೆ ಕರಗುವ ಕಲ್ಲಲ್ಲ. ಸುತ್ತಲಿನ ಶಿಲೆ ಮಣ್ಣಾದರೂ ಅದು ಗಾಜಿನ ಚೂರಿನಂತೆ ಅಂಚು ಉಳಿಸಿಕೊಂಡು ಬಿದ್ದಿರುತ್ತದೆ. ಎಂಪೋರಿಯಾದ ಸುತ್ತಲಿನ ಗುಡ್ಡಗಳಿಗೂ ಅಂಥದೇ ಚಕಮಕಿ ಕಲ್ಲಿನ ಹೆಸರಿದೆ. ಟೈರಿನ ಪಕ್ಕ ಸೀಳುವುದರಲ್ಲಿ ಅದು ಅಲ್ಲಿ ಕುಖ್ಯಾತ.

ಇಂಥ ನೆಲಕ್ಕೆ ಗಾಳಿ ಬಿಗಿಯಾಗಿ ತುಂಬಿದ ಸಪೂರ ಟೈರು ಚೆನ್ನಾಗಿ ಓಡುತ್ತದೆ ಎಂಬುದು ಬಹುಕಾಲ ಉಳಿದ ನಂಬಿಕೆ. ಮೊದಲು ಅದರ ಲೆಕ್ಕ ಹಾಕೋಣ. ಸವಾರ 65 ಕೆ.ಜಿ., ಸೈಕಲ್ 20 ಕೆ.ಜಿ. ಎನ್ನಿ. ಒಟ್ಟು ಭಾರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ನೂರಕ್ಕೆ ಅರವತ್ತು ಪಾಲು, ಹಿಂದಿನ ಗಾಲಿಯ ಮೇಲೆ ಬಿದ್ದರೆ ಅದು 51 ಕೆ.ಜಿ. ಆ ಭಾರವನ್ನು ಎತ್ತಿ ಹಿಡಿಯುವುದು ಹೆಚ್ಚುಕಮ್ಮಿ ಒಳಗಿನ ಗಾಳಿಯೇ. 80 ಪೌಂಡ್ ಗಾಳಿ ಇದ್ದರೆ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 9 ಚದರ ಸೆಂಟಿಮೀಟರ್. ಗಾಳಿ 40 ಪೌಂಡಿಗೆ ಇಳಿದರೆ 18. ಇಮ್ಮಡಿ ಜಾಗ ಊರಿಕೊಂಡಿರುವ ಗಾಲಿ ಹರಳಿನ ಮೇಲೆ ಅಷ್ಟು ಬೇಗ ಜಾರುವುದಿಲ್ಲ, ಮರಳಿನಲ್ಲಿ ಹೂತುಕೊಳ್ಳುವುದೂ ಕಡಿಮೆ.

ಹಾಗಾದರೆ ವೇಗ? ಸಿಯಾಟಲ್‌ನ 'ಬೈಸಿಕಲ್ ಕ್ವಾರ್ಟರ್ಲಿ' ಪತ್ರಿಕೆಯ ಸಂಪಾದಕ ಯಾನ್ ಹೈನೆ ಮತ್ತು ಗೆಳೆಯರು ಪ್ರಯೋಗಶಾಲೆಯ ಉರುಳೆಯನ್ನು ಬಿಟ್ಟು, ನಿಜವಾದ ರಸ್ತೆಯಲ್ಲಿ, ನಿಜವಾದ ಸವಾರನನ್ನು ಕೂರಿಸಿ ಟೈರುಗಳನ್ನು ಅಳೆದರು. ಹೆದ್ದಾರಿಯ ಅಂಚಿನಲ್ಲಿ ಚಾಲಕರನ್ನು ಎಚ್ಚರಿಸಲು ಕೊರೆದಿರುತ್ತಾರಲ್ಲ, ಆ ಗೀರುಗಳ ಮೇಲೂ ಓಡಿಸಿದರು. ಕಡಿಮೆ ಗಾಳಿಯ ಅಗಲ ಟೈರು ನಿಧಾನವೇನಲ್ಲ ಎಂದು ತಿಳಿಯಿತು. ಕಾರಣ ಕೂತವನ ಮೈಯಲ್ಲಿದೆ. ಗಟ್ಟಿ ಟೈರು ಕಲ್ಲಿಗೆ ಬಡಿದಾಗ ಗಾಲಿಯ ಜತೆ ಸೈಕಲ್ಲೂ ಸವಾರನೂ ಮೇಲಕ್ಕೆ ನೆಗೆಯುತ್ತಾರೆ. ಮೈಯ ಮಾಂಸಖಂಡಗಳು ಕುಲುಕಿ ಉಜ್ಜಿಕೊಂಡು, ಮುಂದಕ್ಕೆ ಒಯ್ಯಬೇಕಾದ ಶಕ್ತಿ ಶಾಖವಾಗಿ ಹೋಗುತ್ತದೆ. ಮೆತ್ತನೆಯ ಟೈರು ಕಲ್ಲನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡು ದಾಟಿಬಿಡುತ್ತದೆ. ಉರುಳೆಯ ಮೇಲೆ ಮನುಷ್ಯನೇ ಇಲ್ಲದಿದ್ದರಿಂದ ಆ ನಷ್ಟ ಅಲ್ಲಿ ಕಾಣುತ್ತಿರಲಿಲ್ಲ.

ಗಾಳಿ ತೀರಾ ಇಳಿಸುವಂತೆಯೂ ಇಲ್ಲ. ಕಲ್ಲು ಬಡಿದಾಗ ಟೈರು ಪೂರ್ತಿ ಅಮುಕಿ, ಟ್ಯೂಬು ಕಲ್ಲಿಗೂ ರಿಮ್ಮಿನ ಎರಡು ಅಂಚಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು. ಫ್ರಾಂಕ್ ಬರ್ಟೊ ಎಂಬ ಅಮೆರಿಕದ ಸೈಕಲ್ ತಜ್ಞರು, ಕೂತಾಗ ಟೈರು ತನ್ನ ಎತ್ತರದ ನೂರಕ್ಕೆ ಹದಿನೈದು ಪಾಲು ಕುಗ್ಗಿದರೆ ಗಾಳಿ ಹದವಾಗಿದೆ ಎಂದು ಲೆಕ್ಕ ಕೊಟ್ಟಿದ್ದರು. 40 ಮಿಲಿಮೀಟರ್ ಟೈರಿಗೆ ಅದು 6 ಮಿಲಿಮೀಟರ್. ಊರಿನ ಸೈಕಲ್ ಶಾಪಿನಲ್ಲಿ ಇದನ್ನು ಹೆಬ್ಬೆರಳು ಹೇಳುತ್ತದೆ. ಹೆಬ್ಬೆರಳಿಗೆ ಬೇರೆ ದಾರಿಯೂ ಇಲ್ಲ: ಹಳೆಯ ಸೈಕಲ್ಲಿನ ವಾಲ್‌ನೊಳಗೆ ಒಂದಿಂಚಿನ ರಬ್ಬರ್ ವಾಲ್‌ಟ್ಯೂಬ್ ಬಿಗಿದು ಕೂತಿರುತ್ತದೆ, ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹೀಗಾಗಿ ಗೇಜು ಹಿಡಿದರೂ ಸರಿಯಾದ ಅಳತೆ ಸಿಗುವುದಿಲ್ಲ.

ಮುಳ್ಳಿನ ವಿಷಯದಲ್ಲಿ ಮಾತ್ರ ಗಾಳಿಯ ಹದ ಹೆಚ್ಚು ಉಪಕಾರಕ್ಕೆ ಬರುವುದಿಲ್ಲ. ಅಲ್ಲಿ ಬೇಕಾದದ್ದು ದಪ್ಪ ರಬ್ಬರು. ನೆಗ್ಗಿಲಿಗಿಂತ ದೊಡ್ಡ ವೈರಿ ಬಳ್ಳಾರಿ ಜಾಲಿ. ಬೇಲಿಗೆಂದು ಕಡಿದು ದಾರಿಯಲ್ಲಿ ಎಳೆದೊಯ್ದ ಜಾಲಿಯ ಮುಳ್ಳು ಎಷ್ಟೋ ದಿನ ಧೂಳಿನಲ್ಲಿ ಅಡಗಿರುತ್ತದೆ. ಪಂಚರ್ ಹಾಕುವವರ ಕೈ ನೋಡಬೇಕು. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಗುರುತು ಮಾಡಿ, ಉಜ್ಜಿ, ಸೊಲ್ಯೂಷನ್ ಸವರಿ ಒಣಗಲು ಬಿಡುತ್ತಾರೆ. ಅದು ಒಣಗುವಷ್ಟರಲ್ಲಿ ಟೈರಿನ ಒಳಮೈಗೆ ಬೆರಳು ಆಡಿಸುತ್ತಾ ಒಂದು ಸುತ್ತು ಬರುತ್ತಾರೆ. ಈ ಸುತ್ತು ಬಿಟ್ಟರೆ ಮುರಿದು ಉಳಿದ ಮೊನೆ ಮನೆ ಮುಟ್ಟುವ ಮೊದಲೇ ಹೊಸ ತೇಪೆಯ ಪಕ್ಕ ಇನ್ನೊಂದು ತೂತು ಮಾಡುತ್ತದೆ. ಹೊಸ ಸೈಕಲ್‌ಗಳ ಟ್ಯೂಬ್‌ಲೆಸ್ ಟೈರಿನಲ್ಲಿ ರಬ್ಬರ್ ಹಾಲಿನಂಥ ದ್ರವ ಇರುತ್ತದೆ. ಮುಳ್ಳು ಚುಚ್ಚಿದ ತಕ್ಷಣ ಹೊರಗೆ ಚಿಮ್ಮಿ ತೂತಿನಲ್ಲೇ ಹೆಪ್ಪುಗಟ್ಟುತ್ತದೆ. ನೆಗ್ಗಿಲಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಬೆಣಚು ಸೀಳಿದ ಪಕ್ಕಕ್ಕೆ ಇದು ಸಾಲದು. ರಾಯಚೂರಿನ ಬಿಸಿಲಿಗೆ ದ್ರವ ಕೆಲವೇ ತಿಂಗಳಲ್ಲಿ ಒಣಗುವುದರಿಂದ ಮತ್ತೆ ಮತ್ತೆ ತುಂಬಿಸುವ ಕೆಲಸವೂ ಇದೆ.

ಟೈರು ಸರಿ, ಅದನ್ನು ಹೊತ್ತ ಚಕ್ರ? ಎತ್ತಿನ ಬಂಡಿಯ ಗಾಲಿ ತನ್ನ ಅರಗಳ ಮೇಲೆ ನಿಲ್ಲುತ್ತದೆ. ಕಂಬ ಚಾವಣಿಯನ್ನು ಹೊತ್ತ ಹಾಗೆ ಕೆಳಗಿನ ಅರ ಅಚ್ಚಿನ ಭಾರ ಹೊರುತ್ತದೆ. ಸೈಕಲ್ಲಿನ ಸ್ಪೋಕು ಎರಡು ಮಿಲಿಮೀಟರ್ ತಂತಿ, ಅದು ಕಂಬವಾಗಲಾರದು. ಎಲ್ಲ ಸ್ಪೋಕುಗಳನ್ನೂ ಮೊದಲೇ ಬಿಗಿದು ಎಳೆದಿಟ್ಟಿರುವುದರಿಂದ ಭಾರ ಬಿದ್ದಾಗ ಕೆಳಗಿನ ಕೆಲವು ಸ್ಪೋಕುಗಳ ಬಿಗಿ ಕಡಿಮೆಯಾಗುತ್ತದೆ, ಉಳಿದವು ಬಹುಮಟ್ಟಿಗೆ ಇದ್ದಂತೆಯೇ ಇರುತ್ತವೆ. ಜಾಬ್ಸ್ಟ್ ಬ್ರಾಂಟ್ ಎಂಬ ಎಂಜಿನಿಯರ್ 1981ರ ತಮ್ಮ ಪುಸ್ತಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ದೊಡ್ಡ ಕಲ್ಲಿಗೆ ಬಡಿದು ಸ್ಪೋಕು ಪೂರ್ತಿ ಸಡಿಲಾದರೆ ನಿಪ್ಪಲ್ ತಿರುಗಿ ಬಿಚ್ಚಿಕೊಳ್ಳತೊಡಗುತ್ತದೆ, ರಿಮ್ಮು ಬೆಂಡಾಗುತ್ತದೆ. ಆದ್ದರಿಂದ ಖಡಿ ರಸ್ತೆಗೆ ಸ್ಪೋಕು ಹೆಚ್ಚಿರಬೇಕು, ಎಲ್ಲವೂ ಒಂದೇ ಬಿಗಿಯಲ್ಲಿರಬೇಕು. ಹಳೆಯ ಕರಿ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಕೂರುವುದೂ ಹಿಂದೆಯೇ. ಅಪರೂಪದ ಹಗುರ ಚಕ್ರಕ್ಕೆ ದುಡ್ಡು ಸುರಿಯುವ ಬದಲು, ಚಕ್ರದ ಬೆಂಡ್ ತೆಗೆಯಲು ಬಲ್ಲವರು ಹತ್ತಿರದ ಊರಿನಲ್ಲಿ ಇದ್ದಾರೆಯೇ ಎಂದು ವಿಚಾರಿಸುವುದು ಜಾಣತನ.

ಕರಿ ಸೈಕಲ್ಲಿನ ಅಳತೆಗಳನ್ನು ಎದುರಿಗಿಟ್ಟುಕೊಂಡರೆ ಸಣ್ಣ ಅಚ್ಚರಿ ಕಾದಿದೆ. ಅದರ 28 x 1½ ಟೈರು ಕೂರುವ ರಿಮ್ಮಿನ ಅಳತೆ 635 ಮಿಲಿಮೀಟರ್. ಎರಡೂ ಬದಿಯ ಟೈರು ಸೇರಿಸಿದರೆ ಗಾಲಿಯ ಎತ್ತರ ಸುಮಾರು 715. ಇಂದಿನ ಗ್ರಾವೆಲ್ ಬೈಕಿನ 40 ಮಿಲಿಮೀಟರ್ ಟೈರಿನ ಗಾಲಿ 702. ಟೈರಿನ ಅಗಲ ಎರಡರದ್ದೂ ಒಂದೇ. ಬ್ರಿಟಿಷರ ಕಾಲದ ಕೆಟ್ಟ ರಸ್ತೆಗಳಿಗಾಗಿ ರೂಪುಗೊಂಡು, 1949ರಲ್ಲಿ ಆರಂಭವಾದ ಮದ್ರಾಸಿನ ಟಿಐ ಸೈಕಲ್ಸ್‌ನ ಹರ್ಕ್ಯುಲಿಸ್, ಆಮೇಲೆ ಬಂದ ಅಟ್ಲಾಸ್, ಹೀರೊಗಳ ಮೂಲಕ ಹಳ್ಳಿ ಸೇರಿದ ಯಂತ್ರವದು. ಹಾಗೆಂದು ಅದನ್ನು ಅಟ್ಟಕ್ಕೇರಿಸಬೇಕಿಲ್ಲ. ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕು ಇದ್ದೂ ಇಲ್ಲ. ಆಷಾಢದ ಗಾಳಿಗೆ ಎದುರಾಗಿ ಗೇರಿಲ್ಲದ ಆ ಭಾರ ತುಳಿಯುವುದು ಗುಡ್ಡ ಹತ್ತಿದಂತೆಯೇ. ಡಿಸ್ಕ್ ಬ್ರೇಕು, ಹಗುರ ಗೇರು: ಹೊಸ ಸೈಕಲ್ಲಿಗೆ ಹೆಚ್ಚು ಹಣ ಕೊಡುವುದಾದರೆ ಈ ಎರಡಕ್ಕೆ ಕೊಡಬಹುದು.

ಇನ್ನೊಂದನ್ನು ಅಂಗಡಿಯಲ್ಲೇ ನೋಡಿಕೊಳ್ಳಬೇಕು: ಟೈರಿಗೂ ಫೋರ್ಕಿಗೂ ನಡುವಿನ ಸಂದು. ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ. ಮಳೆ ಬಿದ್ದ ಮರುದಿನ ಹತ್ತಿ ಹೊಲದ ದಾರಿಗೆ ಇಳಿದರೆ ಹತ್ತು ಸುತ್ತಿನಲ್ಲಿ ಮಡ್‌ಗಾರ್ಡ್ ತುಂಬಿ ಗಾಲಿ ನಿಂತೇಬಿಡುತ್ತದೆ. ಸವಾರಿ ಮಾಡಬೇಕಾದ ಸೈಕಲ್ಲು ಹೆಗಲೇರುತ್ತದೆ. 2023ರ ಅನ್‌ಬೌಂಡ್ ಓಟದಲ್ಲೂ ಆದದ್ದು ಇದೇ. ಲಕ್ಷಗಟ್ಟಲೆ ಬೆಲೆಯ ಸೈಕಲ್ ಹೊತ್ತು ನಡೆದ ಅತಿರಥರು, ಬಣ್ಣ ಕಲಕುವ ಕಟ್ಟಿಗೆಯ ಪಟ್ಟಿಯಿಂದ ಕೆಸರು ಕೆರೆದರು.

ಮನೆಯಲ್ಲಿರುವ ಕರಿ ಸೈಕಲ್ಲಿಗೇ ಒಳ್ಳೆಯ ಟೈರು ಹಾಕಿಸಿದರಾಯಿತು ಎಂದುಕೊಳ್ಳುವವರಿಗೆ ಒಂದು ತೊಡಕಿದೆ. ಗ್ರಾವೆಲ್ ಟೈರಿನ ಒಳ ಅಳತೆ 622. 635ರ ರಿಮ್ಮಿಗೆ ಅದು ಏರುವುದೇ ಇಲ್ಲ. ತಿರುಗಿಸಿ ನೋಡಿದರೆ 635ರ ಟೈರು 622ರ ರಿಮ್ಮಿನಲ್ಲಿ ಸಡಿಲಾಗಿ ಕಳಚಿ ಬೀಳುತ್ತದೆ. ಅಂಗಡಿಯಲ್ಲಿ ಎರಡಕ್ಕೂ '28 ಇಂಚು' ಎಂದೇ ಹೇಳುವುದರಿಂದ ಗೊಂದಲ ಸಹಜ. ಟೈರಿನ ಪಕ್ಕದಲ್ಲಿ ಧೂಳು ಒರೆಸಿದರೆ ಉಬ್ಬು ಅಕ್ಷರದಲ್ಲಿ 40-635 ಎಂಬಂಥ ಜೋಡಿ ಅಂಕಿ ಸಿಗುತ್ತದೆ, ಮೊದಲನೆಯದು ಅಗಲ, ಎರಡನೆಯದು ರಿಮ್ಮಿನದು. ಸಿಂಧನೂರಿನ ಬಸ್ ಹತ್ತುವ ಮೊದಲು ಅದನ್ನು ಚೀಟಿಯಲ್ಲಿ ಬರೆದುಕೊಂಡರೆ ಒಂದೇ ಓಡಾಟದಲ್ಲಿ ಕೆಲಸ ಮುಗಿಯುತ್ತದೆ.