ಇಂಪೋರ್ಟ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಪೈಥಾನ್ ಕಲಿಯುತ್ತಿರುವ ಆ ಭಾಗದ ಹುಡುಗ ಹುಡುಗಿಯರು ಅಭ್ಯಾಸಕ್ಕೆ ತೊಗರಿಯ ಲೆಕ್ಕವನ್ನೇ ಹಿಡಿಯಬಹುದು. 'ಲೆಕ್ಕ' ಎಂಬ ಫೋಲ್ಡರ್ ಮಾಡಿ, ಅದರೊಳಗೆ 'ತೊಗರಿ' ಎಂಬ ಇನ್ನೊಂದು ಫೋಲ್ಡರ್ ಇಡಿ. ತೊಗರಿಯೊಳಗೆ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ಪೈಥಾನ್ ಫೈಲ್‌ಗಳಿರಲಿ, ಒಂದೊಂದರಲ್ಲೂ ಆಯಾ ತಾಲೂಕಿನ ಆವಕ. ಮೂರಕ್ಕೂ ಬೇಕಾಗುವ ಕ್ವಿಂಟಲ್ ಲೆಕ್ಕ 'ದರ' ಎಂಬ ನಾಲ್ಕನೆಯ ಫೈಲ್‌ನಲ್ಲಿರಲಿ. ಇಲ್ಲಿ ತೊಗರಿ ಎಂಬುದು ಪ್ಯಾಕೇಜ್, ಅದರೊಳಗಿನ ಒಂದೊಂದು ಫೈಲೂ ಒಂದೊಂದು ಮಾಡ್ಯೂಲ್.

ಜೇವರ್ಗಿ ಫೈಲ್‌ನ ಮೊದಲ ಸಾಲು ತೊಗರಿ ಪ್ಯಾಕೇಜಿನಿಂದ ದರವನ್ನು ಇಂಪೋರ್ಟ್ ಮಾಡುತ್ತದೆ ಎನ್ನಿ. ಆ ಫೈಲನ್ನು ನೇರವಾಗಿ ರನ್ ಮಾಡಿದರೆ 'ಮಾಡ್ಯೂಲ್ ನಾಟ್ ಫೌಂಡ್ ಎರರ್' ಬರುತ್ತದೆ, ತೊಗರಿ ಎಂಬ ಮಾಡ್ಯೂಲೇ ಇಲ್ಲವೆಂದು. ಫೋಲ್ಡರ್ ಕಣ್ಣೆದುರೇ ಇದೆ, ಆದರೂ ಇಲ್ಲ ಅನ್ನುತ್ತದೆ. ಹೊಸಬರು ಎದೆಗುಂದುವುದು ಇಲ್ಲೇ. ಪೈಥಾನ್ ಇಡೀ ಕಂಪ್ಯೂಟರನ್ನು ಜಾಲಾಡುವುದಿಲ್ಲ. 'ಸಿಸ್ ಡಾಟ್ ಪಾತ್' ಎಂಬ ಪಟ್ಟಿಯಲ್ಲಿರುವ ಜಾಗಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗುತ್ತದೆ. ಫೈಲನ್ನು ನೇರವಾಗಿ ರನ್ ಮಾಡಿದಾಗ ಆ ಪಟ್ಟಿಯ ತಲೆಗೆ ಸೇರುವುದು ಆ ಫೈಲ್ ಇರುವ ಫೋಲ್ಡರ್, ಅಂದರೆ ತೊಗರಿ. ತೊಗರಿಯೊಳಗೆ ನಿಂತು ತೊಗರಿಯನ್ನು ಹುಡುಕಿದರೆ ಸಿಗುವುದೆಲ್ಲಿ?

ಇದಕ್ಕೆ ಪರಿಹಾರ ಹೊರಗಿನ 'ಲೆಕ್ಕ' ಫೋಲ್ಡರಿಗೆ ಬಂದು, ಪೈಥಾನ್ ಎಂಬ ಆಜ್ಞೆಯ ಮುಂದೆ ಅಡ್ಡಗೆರೆ ಮತ್ತು ಎಮ್ ಅಕ್ಷರ ಹಾಕಿ, 'ತೊಗರಿ ಡಾಟ್ ಜೇವರ್ಗಿ' ಎಂದು ಕೊಡುವುದು. ಆಗ ಪಟ್ಟಿಯ ತಲೆಗೆ ನೀವು ನಿಂತಿರುವ ಲೆಕ್ಕ ಫೋಲ್ಡರ್ ಬರುತ್ತದೆ, ತೊಗರಿ ಸಿಗುತ್ತದೆ. ಚುಕ್ಕೆ ಬಳಸಿ ಬರೆದ ಸಾಪೇಕ್ಷ ಇಂಪೋರ್ಟ್ 'ತಾಯಿ ಪ್ಯಾಕೇಜ್ ಗೊತ್ತಿಲ್ಲ' ಎಂದು ನಿಂತರೂ ಮದ್ದು ಇದೇ. ಕೋಡ್‌ನೊಳಗೆ ಸಿಸ್ ಡಾಟ್ ಪಾತ್‌ಗೆ ಕೈಯಾರೆ ಜಾಗ ಸೇರಿಸುವ ಅಭ್ಯಾಸ ಬೇಡವೇ ಬೇಡ. ಇವತ್ತು ನಿಮ್ಮ ಯಂತ್ರದಲ್ಲಿ ನಡೆದದ್ದು ನಾಳೆ ಗೆಳತಿಯ ಯಂತ್ರದಲ್ಲಿ ನಿಲ್ಲುತ್ತದೆ.

ಪಟ್ಟಿಯ ತಲೆಯಲ್ಲಿ ನಿಮ್ಮದೇ ಫೋಲ್ಡರ್ ಇರುವುದರಿಂದ ಇನ್ನೊಂದು ತೊಡಕೂ ಇದೆ. ಮಾರುಕಟ್ಟೆ ದರದ ಸಿಎಸ್‌ವಿ ಫೈಲ್ ಓದಲೆಂದು ಬರೆದ ಪ್ರೋಗ್ರಾಮಿಗೆ 'ಸಿಎಸ್‌ವಿ' ಎಂದೇ ಹೆಸರಿಟ್ಟರೆ, ಪೈಥಾನ್ ಜೊತೆಗೇ ಬರುವ ಅದೇ ಹೆಸರಿನ ಮಾಡ್ಯೂಲ್ ಮರೆಯಾಗಿ ನಿಮ್ಮದೇ ಫೈಲ್ ಒಳಬರುತ್ತದೆ. 'ರೀಡರ್' ಎಂಬ ಗುಣ ಇಲ್ಲವೆಂದು ದೂರು ಬಂದರೆ ಆ ಮಾಡ್ಯೂಲಿನ 'ಫೈಲ್' ವಿಳಾಸವನ್ನು ಪ್ರಿಂಟ್ ಮಾಡಿ ನೋಡಿ. ಯಾವ ಫೋಲ್ಡರಿನಿಂದ ಬಂದಿದೆ ಎಂಬುದು ಅಲ್ಲಿ ಕಾಣುತ್ತದೆ.

ಹೊರಗಿನಿಂದ ಇಳಿಸಿಕೊಂಡ ಪ್ಯಾಕೇಜ್ ಸಿಗದಿದ್ದರೆ, ಬಹುಪಾಲು ಒಂದೇ ಯಂತ್ರದಲ್ಲಿ ಎರಡು ಪೈಥಾನ್ ಇರುತ್ತವೆ. ಪ್ಯಾಕೇಜ್ ಇಳಿಸುವ 'ಪಿಪ್' ಎಂಬ ಸಾಧನ ಒಂದಕ್ಕೆ ಹಾಕಿರುತ್ತದೆ, ನೀವು ಇನ್ನೊಂದನ್ನು ರನ್ ಮಾಡುತ್ತಿರುತ್ತೀರಿ. ಪಿಪ್ಪನ್ನೂ ಅದೇ ಪೈಥಾನ್ ಮೂಲಕ, ಎಮ್ ಹಾಕಿ ಕರೆದರೆ ಈ ಗೊಂದಲ ಹೋಗುತ್ತದೆ. ಇಳಿಸುವ ಹೆಸರು, ಕರೆಯುವ ಹೆಸರು ಬೇರೆ ಬೇರೆ ಇರುವುದೂ ಉಂಟು: ಪಿಲ್ಲೋ ಇಳಿಸಿ ಪಿಐಎಲ್ ಎಂದು ಕರೆಯಬೇಕು, ಸೈಕಿಟ್-ಲರ್ನ್ ಇಳಿಸಿ ಎಸ್‌ಕೆಲರ್ನ್ ಎನ್ನಬೇಕು.

'ಮಾಡ್ಯೂಲ್ ನಾಟ್ ಫೌಂಡ್' ಎಂಬ ಪ್ರತ್ಯೇಕ ದೋಷ 2016ರ ಪೈಥಾನ್ 3.6ರಲ್ಲಿ ಬಂತು. ಬರೀ 'ಇಂಪೋರ್ಟ್ ಎರರ್' ಎಂದಷ್ಟೇ ಇದ್ದರೆ, ಎಷ್ಟೋ ಸಲ ಮಾಡ್ಯೂಲ್ ಸಿಕ್ಕಿದೆ, ಅದರೊಳಗಿನ ಹೆಸರು ಸಿಕ್ಕಿಲ್ಲ ಎಂದರ್ಥ. ಆಳಂದ ಅಫಜಲಪುರವನ್ನು ಕರೆದು, ಅಫಜಲಪುರ ಮತ್ತೆ ಆಳಂದವನ್ನು ಕರೆದರೆ ಹೀಗಾಗುತ್ತದೆ. ಮೊದಲನೆಯದು ಅರ್ಧ ಓದಿದ ಸ್ಥಿತಿಯಲ್ಲೇ ಎರಡನೆಯದು ಅದರಿಂದ ಹೆಸರು ಕೇಳುತ್ತದೆ. ಎರಡಕ್ಕೂ ಬೇಕಾದದ್ದನ್ನು 'ದರ' ಫೈಲಿಗೆ ಸರಿಸಿ.

ಇನ್ನು ಕನ್ನಡಿಗರು ವಿಶೇಷವಾಗಿ ತಿಳಿಯಬೇಕಾದ ವಿಷಯ. 2008ರ ಪೈಥಾನ್ 3ರಿಂದ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ತೊಗರಿ, ಜೇವರ್ಗಿ ಎಂದು ಬರೆದರೆ ಅದು ಒಪ್ಪುತ್ತದೆ, ಇದು ನಮಗೆ ದೊಡ್ಡ ಅನುಕೂಲ. ಆದರೆ ಊರಿನ ಹೆಸರನ್ನು 'ಅಫ್ಜಲ್‌ಪುರ' ಎಂದು ಬರೆದರೆ ಒಪ್ಪುವುದಿಲ್ಲ. ಲಕಾರದ ಕೆಳಗೆ ಪಕಾರ ಒತ್ತಾಗದಂತೆ ತಡೆಯಲು ಕೀಲಿಮಣೆ ಅಲ್ಲೊಂದು ಕಾಣದ ಅಕ್ಷರ ಸೇರಿಸುತ್ತದೆ, ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಕೋಡ್‌ನಲ್ಲಿ ಅದು ಬಂದರೆ ವ್ಯಾಕರಣ ದೋಷ. ಫೈಲಿನ ಹೆಸರಿನ ಕೊನೆಯಲ್ಲಿ ಉಳಿದುಬಿಟ್ಟರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಮಾಡ್ಯೂಲ್ ಮಾತ್ರ ಸಿಗುವುದಿಲ್ಲ.

'ತೊ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಕೋಡ್‌ನಲ್ಲಿರುವ ಹೆಸರನ್ನು ಪೈಥಾನ್ ತಾನೇ ಕೂಡಿಸಿಕೊಳ್ಳುತ್ತದೆ, ಡಿಸ್ಕಿನ ಮೇಲಿರುವ ಫೋಲ್ಡರಿನ ಹೆಸರನ್ನು ಮುಟ್ಟುವುದಿಲ್ಲ. ಲಿನಕ್ಸ್‌ನಲ್ಲಿ ಆಗ ಎರಡೂ ಬೇರೆ ಹೆಸರುಗಳೇ. ಅನುಮಾನ ಬಂದರೆ ಫೋಲ್ಡರಿನ ಪಟ್ಟಿಯನ್ನು 'ಆಸ್ಕಿ' ಎಂಬ ಫಂಕ್ಷನ್ನಿಗೆ ಕೊಟ್ಟು ಪ್ರಿಂಟ್ ಮಾಡಿ, ಒಂದೊಂದು ಅಕ್ಷರದ ಸಂಖ್ಯೆಯೂ ಹೊರಬರುತ್ತದೆ. ಅಲ್ಲಿ 200ಸಿ ಕಂಡರೆ, ಅಥವಾ 'ತ'ದ ಸಂಖ್ಯೆಯಾದ ಮೇಲೆ ಒಂದಿರಬೇಕಾದಲ್ಲಿ ಎರಡು ಚಿಹ್ನೆಗಳಿದ್ದರೆ, ಹೆಸರನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿ.