ವೇಷ ತೊಟ್ಟ ಮಗುವಿನ ಗೊಂಬೆ

ಆಟಿಕೆ ಸಂಗ್ರಾಹಕರ ಲೋಕದಲ್ಲಿ ಈಚಿನ ವರ್ಷಗಳಲ್ಲಿ ಚಿಗುರಿರುವ ಒಂದು ಕವಲಿನಲ್ಲಿ, ಕಪಾಟಿನೊಳಗೆ ಸ್ಥಾನ ಪಡೆಯುವುದು ವೀರನ ಗೊಂಬೆಯಲ್ಲ, ಆ ವೀರನ ವೇಷ ತೊಟ್ಟ ಮಗುವಿನ ಗೊಂಬೆ. ಆಕ್ಷನ್ ಫಿಗರ್ ಎಂದು ಕರೆಯಲಾಗುವ ಈ ಬಗೆಯ ಗೊಂಬೆಗಳಿಗೆ ಕತ್ತು, ತೋಳು, ಮೊಣಕಾಲುಗಳ ಬಳಿ ಕೀಲುಗಳಿದ್ದು, ಅವುಗಳನ್ನು ಬೇಕಾದ ಭಂಗಿಗೆ ತಿರುಗಿಸಿ ನಿಲ್ಲಿಸಬಹುದು. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಎಂಬ ಸೈನಿಕನ ಗೊಂಬೆಯನ್ನು ಮಾರುಕಟ್ಟೆಗೆ ತಂದಾಗ, ಗಂಡುಮಕ್ಕಳು ಗೊಂಬೆಯೊಂದಿಗೆ ಆಡಲಾರರೆಂಬ ಅಂದಿನ ಅಳುಕನ್ನು ದಾಟುವುದಕ್ಕಾಗಿ ಈ ಹೊಸ ಹೆಸರನ್ನು ಬಳಕೆಗೆ ತಂದಿತು. ಅಲ್ಲಿಂದ ಮುಂದೆ ಸಿನಿಮಾ, ಚಿತ್ರಕಥೆ, ದೂರದರ್ಶನದ ಪಾತ್ರಗಳೆಲ್ಲ ಅಂಗೈಯಷ್ಟು ಎತ್ತರದ ಆಕೃತಿಗಳಾಗಿ ಅಂಗಡಿಗೆ ಬಂದವು.

ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ಅಮೆರಿಕದ ಮಕ್ಕಳು ಭೂತ, ಮಾಟಗಾತಿ, ಸಾಹಸವೀರ ಮುಂತಾದ ವೇಷಗಳಲ್ಲಿ ಮನೆಮನೆಗೆ ಹೋಗಿ ಸಿಹಿ ಕೇಳುವ ರೂಢಿಯಿದೆ. ಆ ವೇಷಗಳನ್ನು ಅಗ್ಗದ ದರದಲ್ಲಿ ಎಲ್ಲ ಮನೆಗಳಿಗೂ ಮುಟ್ಟಿಸಿದ ಕಂಪನಿಗಳಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1937ರಲ್ಲಿ ಆರಂಭವಾದ ಬೆನ್ ಕೂಪರ್ ಕಂಪನಿಯದು ದೊಡ್ಡ ಹೆಸರು. ತೆಳು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಎಳೆದು ಮಾಡಿದ ಮುಖವಾಡ, ಅದನ್ನು ತಲೆಯ ಹಿಂದಕ್ಕೆ ಬಿಗಿಯುವ ಎಲಾಸ್ಟಿಕ್ ದಾರ, ಎದೆಯ ಮೇಲೆ ಆಯಾ ಪಾತ್ರದ ಚಿತ್ರ ಅಥವಾ ಹೆಸರನ್ನು ಅಚ್ಚುಹಾಕಿದ ಒಂದು ನಿಲುವಂಗಿ, ಇವೆಲ್ಲವನ್ನೂ ಪಾರದರ್ಶಕ ಕಿಟಕಿಯುಳ್ಳ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರಲಾಗುತ್ತಿತ್ತು. ಸ್ಪೈಡರ್‌ಮ್ಯಾನ್ ಕಥೆಗಳು ಇನ್ನೂ ಹೊಸದಾಗಿದ್ದ 1963ರಲ್ಲಿಯೇ ಆ ಪಾತ್ರದ ಉಡುಗೆಯನ್ನು ಕಂಪನಿ ಹೊರತಂದಿತ್ತು. 1992ರಲ್ಲಿ ಕಂಪನಿ ರೂಬೀಸ್ ಎಂಬ ಮತ್ತೊಂದು ಉಡುಪು ತಯಾರಕರ ಪಾಲಾಯಿತಾದರೂ, ಆ ಮುಖವಾಡ ಹಾಕಿ ಬೀದಿ ಸುತ್ತಿದ ಮಕ್ಕಳು ದೊಡ್ಡವರಾದ ಮೇಲೆ ನೆನಪು ಬೇಡಿಕೆಯಾಗಿ ಮರಳಿತು. ನೆಕಾ ಎಂಬ ಕಂಪನಿ ‘ಬೆನ್ ಕೂಪರ್ ಕಾಸ್ಟ್ಯೂಮ್ ಕಿಡ್ಸ್’ ಹೆಸರಿನಲ್ಲಿ, ಆ ಹಳೆಯ ವೇಷಗಳನ್ನು ತೊಟ್ಟ ಮಕ್ಕಳ ಕಿರುಗೊಂಬೆಗಳನ್ನು ರೂಪಿಸಿತು. ಸಿನಿಮಾದ ರಾಕ್ಷಸ ಹೇಗಿದ್ದನೆಂಬುದಕ್ಕಿಂತ, ನೆರೆಮನೆಯ ಹುಡುಗ ಅಳತೆ ಮೀರಿದ ನಿಲುವಂಗಿಯಲ್ಲಿ ಆ ರಾಕ್ಷಸನಾಗಿ ಹೇಗೆ ಕಂಡನೆಂಬುದೇ ಇಲ್ಲಿ ಮುಖ್ಯವಾಗುತ್ತದೆ.

ಪಶ್ಚಿಮ ಬೆಂಗಳೂರಿನ ಬಸವೇಶ್ವರನಗರದಂಥ ಬಡಾವಣೆಯಲ್ಲಿ ಹ್ಯಾಲೋವೀನ್ ಮನೆಮಾತಲ್ಲ. ಆದರೆ ಮಕ್ಕಳಿಗೆ ವೇಷ ತೊಡಿಸುವ ಸಂದರ್ಭಗಳಿಗೆ ಇಲ್ಲಿ ಬರವಿಲ್ಲ. ಬಡಾವಣೆಗೆ ಹೆಸರು ಕೊಟ್ಟ ಬಸವಣ್ಣನವರ ಜಯಂತಿ, ಶ್ರಾವಣದ ಕೃಷ್ಣ ಜನ್ಮಾಷ್ಟಮಿ, ಸ್ವಾತಂತ್ರ್ಯ ದಿನಾಚರಣೆ, ಹ್ಯಾಲೋವೀನಿನ ಮರುದಿನವೇ ಬರುವ ಕನ್ನಡ ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಹೀಗೆ ವರ್ಷದುದ್ದಕ್ಕೂ ವೇದಿಕೆಗಳು ಸಿದ್ಧವಾಗುತ್ತವೆ. ಆಹ್ವಾನಪತ್ರಿಕೆಯಲ್ಲಿ ಛದ್ಮವೇಷ ಸ್ಪರ್ಧೆಯೆಂದೂ ಮನೆಮಾತಿನಲ್ಲಿ ಫ್ಯಾನ್ಸಿ ಡ್ರೆಸ್ ಎಂದೂ ಕರೆಸಿಕೊಳ್ಳುವ ಈ ಕಾರ್ಯಕ್ರಮದಲ್ಲಿ ಭಾಗವಹಿಸದೆ ಬೆಳೆದ ಮಗು ಈ ಭಾಗದಲ್ಲಿ ಅಪರೂಪ. 1997ರಲ್ಲಿ ಸನಿಹದ ರಾಜಾಜಿನಗರದ ಗುಡ್ಡದ ಮೇಲೆ ಇಸ್ಕಾನ್ ದೇವಾಲಯ ಉದ್ಘಾಟನೆಯಾದ ಮೇಲೆ ಜನ್ಮಾಷ್ಟಮಿಗೆ ಮಕ್ಕಳನ್ನು ಮುದ್ದುಕೃಷ್ಣನಾಗಿ ಸಿಂಗರಿಸಿ ಕರೆದೊಯ್ಯುವ ಉತ್ಸಾಹಕ್ಕೆ ಮತ್ತೊಂದು ನೆಲೆ ದೊರೆಯಿತು.

ಈ ವೇಷಗಳ ತಯಾರಿಕೆಯಲ್ಲಿ ಕಾರ್ಖಾನೆಗಿಂತ ಮನೆಯ ಪಾಲು ಹೆಚ್ಚು. ರಟ್ಟಿಗೆ ಬಂಗಾರ ಬಣ್ಣದ ಕಾಗದ ಅಂಟಿಸಿದ ಕಿರೀಟ, ಹತ್ತಿಯ ಗಡ್ಡ, ಕಾಡಿಗೆಯಲ್ಲಿ ಬರೆದ ಮೀಸೆ, ಥರ್ಮೋಕೋಲಿನ ಗದೆ, ಅಜ್ಜನ ಶಲ್ಯವನ್ನೇ ಮಡಿಸಿ ಉಡಿಸಿದ ಕಚ್ಚೆ, ತಾಯಿಯ ಸರವೇ ನಡುಪಟ್ಟಿಯಾದ ಒಡ್ಯಾಣ ಇವೆಲ್ಲ ಒಂದು ಸಂಜೆಯ ಮಟ್ಟಿಗೆ ಹುಟ್ಟಿ, ಮರುದಿನ ತಮ್ಮ ತಮ್ಮ ಜಾಗಕ್ಕೆ ಹಿಂತಿರುಗುತ್ತವೆ. ಮನೆಯಲ್ಲಿ ಒದಗದಿದ್ದರೆ, ನಾಟಕಗಳಿಗೆ ಪರದೆ ಮತ್ತು ಉಡುಪುಗಳನ್ನು ಬಾಡಿಗೆಗೆ ಕೊಡುವ ಡ್ರಾಮಾ ಸೀನ್ಸ್‌ನವರ ಬಳಿಯೋ ಫ್ಯಾನ್ಸಿ ಡ್ರೆಸ್ ಅಂಗಡಿಯಲ್ಲೋ ಮುಂಗಡ ಕೊಟ್ಟು ತರುವುದು ವಾಡಿಕೆ. ಬೆನ್ ಕೂಪರ್ ಉಡುಗೆಯ ಎದೆಯ ಮೇಲೆ ಪಾತ್ರದ ಗುರುತು ಅಚ್ಚಾಗಿದ್ದರೆ, ಇಲ್ಲಿಯ ಮಗು ಮೈಕಿನ ಮುಂದೆ ನಿಂತು ತಾನು ಯಾರೆಂದು ತಾನೇ ಹೇಳಬೇಕಾಗುತ್ತದೆ. ಕಂಠಪಾಠ ಮಾಡಿದ ಆ ನಾಲ್ಕು ಸಾಲುಗಳು ವೇಷದ ಬೇರ್ಪಡಿಸಲಾಗದ ಭಾಗ, ಮತ್ತು ಯಾವ ಗೊಂಬೆಯೂ ಹಿಡಿದಿಡಲಾರದ ಭಾಗವೂ ಅದೇ.

ವೇಷದ ಮಾದರಿಗಳು ಎಲ್ಲಿಂದ ಬರುತ್ತವೆಂಬುದು ಸಂಗ್ರಾಹಕರು ಗಂಭೀರವಾಗಿ ಪರಿಶೀಲಿಸಬೇಕಾದ ವಿಷಯ. ಒನಕೆ ಹಿಡಿದು, ಸೀರೆಯನ್ನು ಕಚ್ಚೆ ಹಾಕಿ ಉಟ್ಟು ವೇದಿಕೆಗೆ ಬರುವ ಪುಟ್ಟ ಓಬವ್ವನ ನಿಲುವು ಚಿತ್ರದುರ್ಗದ ಇತಿಹಾಸದಿಂದ ನೇರವಾಗಿ ಇಳಿದುಬಂದದ್ದೆನ್ನುವುದಕ್ಕಿಂತ, 1972ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಅವರು ಅಭಿನಯಿಸಿದ ಓಬವ್ವನ ಮೂಲಕ ಬಂದದ್ದೆನ್ನುವುದು ಹೆಚ್ಚು ಸರಿ. ಕಿತ್ತೂರು ಚೆನ್ನಮ್ಮನ ವೇಷಕ್ಕೆ 1961ರ ಚಿತ್ರದಲ್ಲಿ ಬಿ. ಸರೋಜಾದೇವಿ ಅವರು ಆ ಪಾತ್ರದಲ್ಲಿ ಕಾಣಿಸಿಕೊಂಡ ಬಗೆಯೂ, ಬಸವಣ್ಣನ ವೇಷಕ್ಕೆ ಗೋಡೆ ಕ್ಯಾಲೆಂಡರಿನ ಚಿತ್ರವೂ ಆಧಾರವಾಗಿವೆ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿ ಆರಂಭವಾದ ಮೇಲೆ ಜಾತ್ರೆಗಳಲ್ಲಿ ಬಿಲ್ಲುಬಾಣ, ಗದೆಗಳ ಮಾರಾಟಕ್ಕೆ ಹೊಸ ಕಳೆ ಬಂದಿತು. 1997ರಲ್ಲಿ ಶುರುವಾದ ಶಕ್ತಿಮಾನ್ ಧಾರಾವಾಹಿ ಆ ಸಾಲಿಗೆ ಸಿದ್ಧ ಉಡುಪನ್ನು ಸೇರಿಸಿತು. ಹೀಗಾಗಿ ಒಂದು ವೇಷದ ಗೊಂಬೆ ಏಕಕಾಲಕ್ಕೆ ಪುರಾಣಕ್ಕೂ, ಸಿನಿಮಾಕ್ಕೂ, ಒಂದು ನಿರ್ದಿಷ್ಟ ದಶಕದ ಮನೆಯ ಹೊಲಿಗೆಗೂ ಸಾಕ್ಷಿಯಾಗಬಲ್ಲದು.

ವೇಷಧಾರಿಯನ್ನೇ ಗೊಂಬೆಯಾಗಿಸುವ ಕಲ್ಪನೆ ಅಮೆರಿಕದಿಂದ ಕಲಿಯಬೇಕಾದದ್ದೇನೂ ಅಲ್ಲವೆಂಬುದಕ್ಕೆ ಕರಾವಳಿಯ ಯಕ್ಷಗಾನ ಗೊಂಬೆಯಾಟವೇ ಪ್ರಮಾಣ. ಕುಂದಾಪುರ ತಾಲ್ಲೂಕಿನ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವ ಆಟದಲ್ಲಿ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ವೇಷಗಳೂ, ಕಾಸರಗೋಡಿನಲ್ಲಿ 1981ರಲ್ಲಿ ಸ್ಥಾಪನೆಯಾಗಿ ಕೆ.ವಿ. ರಮೇಶ್ ಅವರ ನೇತೃತ್ವದಲ್ಲಿ ಬೆಳೆದ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದಲ್ಲಿ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ ವೇಷಗಳೂ ಸುಮಾರು ಒಂದೂವರೆ ಅಡಿಯ ಮರದ ಗೊಂಬೆಗಳ ಮೇಲೆ ಮೂಡುತ್ತವೆ. ಇಲ್ಲಿಯ ಶಿಲ್ಪಿ ಕೆತ್ತುವುದು ಮಹಾಭಾರತದ ಕರ್ಣನನ್ನಲ್ಲ. ರಂಗಸ್ಥಳದಲ್ಲಿ ಕರ್ಣನಾಗಿ ನಿಂತ ಕಲಾವಿದನನ್ನು. ಭುಜಕೀರ್ತಿ, ಎದೆಕಟ್ಟು, ತೋಳ್ಕಟ್ಟು, ಗೆಜ್ಜೆ, ಮುಖದ ಮೇಲಿನ ಬಣ್ಣದ ಗೆರೆ ಎಲ್ಲವೂ ಮನುಷ್ಯ ವೇಷಧಾರಿಯ ಅಳತೆಯಿಂದಲೇ ಕುಗ್ಗಿ ಬಂದವು. ಬಡಗಿನಲ್ಲಿ ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರಿಗೆ ಮೀಸಲಾದ ಕೇದಗೆ ಮುಂದಲೆಯೆಂಬ ಶಿರೋಭೂಷಣ ಗೊಂಬೆಯ ತಲೆಯ ಮೇಲೂ ಅದೇ ಕ್ರಮದಲ್ಲಿ ಕಟ್ಟಿಕೊಳ್ಳುತ್ತದೆ. ಸಾಲಿಗ್ರಾಮದ ಮಕ್ಕಳ ಮೇಳ 1970ರ ದಶಕದಿಂದ ಮಕ್ಕಳಿಗೇ ಆ ವೇಷ ಕಟ್ಟಿ ರಂಗಕ್ಕೇರಿಸುತ್ತ ಬಂದಿದೆ. ದೇವತೆಯ ಪಾತ್ರ, ಅದನ್ನು ಆಡುವ ದೇಹ, ಆ ದೇಹದ ಪ್ರತಿರೂಪವಾದ ಗೊಂಬೆ ಎಂಬ ಮೂರು ಹಂತಗಳನ್ನು ಬೆರಸದೆ ನೋಡುವ ಕಣ್ಣು ಕನ್ನಡ ಪ್ರೇಕ್ಷಕರಿಗೆ ಮೊದಲಿನಿಂದಲೂ ಇದೆಯೆಂದು ಇದರಿಂದ ತಿಳಿಯುತ್ತದೆ, ಮತ್ತು ಅದು ಹೆಮ್ಮೆಪಡಬೇಕಾದ ಸಂಪತ್ತು.

ವೇಷದ ಗೊಂಬೆಗಳಿಗೆ ಬಸವೇಶ್ವರನಗರದ ಮನೆಗಳಲ್ಲಿ ಸಿದ್ಧವಾದ ಜಾಗವೆಂದರೆ ದಸರೆಯ ಗೊಂಬೆ ಹಬ್ಬದ ಮೆಟ್ಟಿಲುಗಳು. ಮೈಸೂರು ಸೀಮೆಯ ಈ ಆಚರಣೆಯಲ್ಲಿ ಬೆಸಸಂಖ್ಯೆಯ ಹಂತಗಳನ್ನು ಕಟ್ಟಿ, ಮೇಲಿನ ಹಂತದಲ್ಲಿ ರಾಜ ಮತ್ತು ರಾಣಿಯ ರೂಪದ ಪಟ್ಟದ ಗೊಂಬೆಗಳನ್ನು ಕೂರಿಸಲಾಗುತ್ತದೆ. ಮದುವೆಯ ಸಮಯದಲ್ಲಿ ತವರಿನವರು ಮಗಳಿಗೆ ಕೊಡುವ ಈ ಮರದ ಜೋಡಿಗೆ ಪ್ರತಿವರ್ಷ ಹೊಸ ರೇಷ್ಮೆ ಬಟ್ಟೆ ಉಡಿಸಿ ಸಿಂಗರಿಸುವ ಪದ್ಧತಿಯಿದ್ದು, ಗೊಂಬೆಗೆ ವೇಷ ತೊಡಿಸುವ ಕೈಗೆಲಸ ಇಲ್ಲಿ ಮನೆವಾರ್ತೆಯ ಭಾಗವಾಗಿಯೇ ಉಳಿದುಬಂದಿದೆ. ಕೆಳಗಿನ ಹಂತಗಳಲ್ಲಿ ದಶಾವತಾರ, ಮದುವೆ ದಿಬ್ಬಣ, ದಿನಸಿ ಹರಡಿಕೊಂಡು ಕುಳಿತ ಶೆಟ್ಟಿ ದಂಪತಿ, ಕ್ರಿಕೆಟ್ ಸೆಟ್, ಪಾರ್ಕು, ಮೃಗಾಲಯ ಎಲ್ಲವೂ ಸೇರುತ್ತವೆ, ಮಕ್ಕಳ ಪ್ಲಾಸ್ಟಿಕ್ ಆಟಿಕೆಗಳಿಗೂ ಅಲ್ಲಿ ಮಡಿಮೈಲಿಗೆಯಿಲ್ಲದ ಪ್ರವೇಶವಿದೆ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬರುವ ಈ ಸಂಗ್ರಹಕ್ಕೆ ಸಂಗ್ರಹವೆಂಬ ಗೌರವವನ್ನು ಮನೆಯ ಗಂಡಸರು ಕೊಟ್ಟಿರಲಾರರು. ಆದರೆ ಪ್ರತಿವರ್ಷ ಪೆಟ್ಟಿಗೆ ಬಿಚ್ಚಿ, ಒರಸಿ, ಮುರಿದದ್ದನ್ನು ಅಂಟಿಸಿ, ಹತ್ತನೆಯ ದಿನದ ನಂತರ ಮತ್ತೆ ಹಳೆಯ ಪಂಚೆಯಲ್ಲಿ ಸುತ್ತಿಡುವ ಆ ಶ್ರದ್ಧೆಯನ್ನು ಮೀರಿಸಿದ ಸಂಗ್ರಾಹಕ ವಿಧಾನ ಬೇರೊಂದಿಲ್ಲ.

ಪ್ಲಾಸ್ಟಿಕ್ ಆಕ್ಷನ್ ಫಿಗರ್‌ಗಳು ಈ ಮನೆಗಳಿಗೆ ಬಂದದ್ದು 1980ರ ದಶಕದ ಕೊನೆಗೆ. ಎಂ.ಆರ್.ಎಫ್. ಮತ್ತು ಹ್ಯಾಸ್‌ಬ್ರೋ ಜಂಟಿಯಾಗಿ 1987ರಲ್ಲಿ ಸ್ಥಾಪಿಸಿದ ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಗೊಂಬೆಗಳೂ, ಲಿಯೋ ಹೆಸರಿನಲ್ಲಿ ಮಾರಾಟವಾದ ಹೀ-ಮ್ಯಾನ್ ಗೊಂಬೆಗಳೂ ಆ ತಲೆಮಾರಿನ ಮಕ್ಕಳಿಗೆ ಚಿರಪರಿಚಿತ. ಭಾರತದಲ್ಲಿ ತಯಾರಾದ ಜಿ.ಐ. ಜೋಗಳ ಬಣ್ಣಗಳು ಮೂಲಕ್ಕಿಂತ ಭಿನ್ನವಾಗಿದ್ದುದರಿಂದ, ಅವುಗಳನ್ನು ಇಂದು ವಿದೇಶಗಳ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಸಂಗ್ರಾಹಕರ ಮಾತಿನಲ್ಲಿ ಪೊಟ್ಟಣ ಬಿಚ್ಚದೆ ಕಾರ್ಡಿನ ಮೇಲೆಯೇ ಇರುವ ಗೊಂಬೆಗೆ ಬೆಲೆ ಹೆಚ್ಚು, ಬಿಚ್ಚಿ ಆಡಿದ ಲೂಸ್ ಗೊಂಬೆಗೆ ಕಡಿಮೆ. ವೇಷದ ಗೊಂಬೆಗಳ ವಿಷಯದಲ್ಲಿ ಈ ಅಳತೆಗೋಲನ್ನು ಒಪ್ಪುವುದು ಕಷ್ಟ, ಏಕೆಂದರೆ ಅವುಗಳ ಅರ್ಥವಿರುವುದೇ ಆಡಿದ ಮಗುವಿನಲ್ಲಿ. ಕೈಬದಲಿಸಿದ ಗುರುತು, ಹೊಲಿದು ಸರಿಪಡಿಸಿದ ಅಂಗಿ, ಯಾರ ಮನೆಯದು ಯಾವ ವರ್ಷದ್ದು ಎಂಬ ಚೀಟಿ ಇವು ಮುಟ್ಟದ ಪೊಟ್ಟಣಕ್ಕಿಂತ ಹೆಚ್ಚಿನ ಮಾಹಿತಿಯನ್ನು ಹೊತ್ತಿರುತ್ತವೆ.

ಸಂರಕ್ಷಣೆಯ ದೃಷ್ಟಿಯಿಂದ ಮಣ್ಣು, ಮರ, ಬಟ್ಟೆ, ಪ್ಲಾಸ್ಟಿಕ್ ಒಂದೊಂದೂ ಒಂದೊಂದು ಬಗೆಯಲ್ಲಿ ಸೋಲುತ್ತವೆ. ಮೃದು ಪಿ.ವಿ.ಸಿ. ಗೊಂಬೆಗಳಲ್ಲಿ ಬೆರೆಸಿರುವ ಮೆದುಕಾರಕ ದ್ರವ ವರ್ಷಗಳು ಕಳೆದಂತೆ ಮೇಲ್ಮೈಗೆ ಒಸರಿ ಅಂಟಂಟಾಗುತ್ತದೆ, ಆ ಅಂಟಿಗೆ ದೂಳು ಹಿಡಿಯುತ್ತದೆ. ಬಿಸಿಲು ಬೀಳುವ ಕಪಾಟಿನಲ್ಲಿ ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗುತ್ತದೆ. ಎಲಾಸ್ಟಿಕ್ ದಾರ ಗಟ್ಟಿಯಾಗಿ ತುಂಡಾಗುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಮುಚ್ಚಿಟ್ಟ ಬಟ್ಟೆಯ ಉಡುಪಿಗೆ ಬೂಷ್ಟು ಬರುವುದು ಸಾಮಾನ್ಯವಾದ್ದರಿಂದ, ತೇವ ಹೀರುವ ಸಿಲಿಕಾ ಜೆಲ್ ಚೀಲಗಳನ್ನಿಟ್ಟು ಆಗಾಗ ಬದಲಿಸುವುದು ಲೇಸು. ಸೀರೆಯ ಬೀರುವಿನ ಅಭ್ಯಾಸದಂತೆ ನುಸಿಗುಳಿಗೆಯನ್ನು ಗೊಂಬೆಗಳ ಪೆಟ್ಟಿಗೆಯಲ್ಲಿಡುವವರಿದ್ದಾರೆ. ಅದರ ಆವಿ ಪಾಲಿಸ್ಟೈರೀನಿನಂಥ ಕೆಲವು ಪ್ಲಾಸ್ಟಿಕ್‌ಗಳನ್ನು ಮೆದುಗೊಳಿಸಿ ಕೆಡಿಸುವುದರಿಂದ, ಹಳೆಯ ಮುಖವಾಡಗಳಿರುವಲ್ಲಿ ಅದನ್ನು ದೂರವಿಡಬೇಕು.

ಆಮದಾದ ಗೊಂಬೆಗಳ ಬೆಲೆಗೆ ಸರ್ಕಾರದ ನೀತಿಯೂ ಕಾರಣವಾಗಿದೆ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು, 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಭೌಗೋಳಿಕ ಸೂಚಿಕೆ ಪಡೆದ ಕರಕುಶಲ ಆಟಿಕೆಗಳಿಗೆ ಈ ಕಡ್ಡಾಯದಿಂದ ವಿನಾಯಿತಿ ದೊರೆತಿದ್ದು, ಒಂದು ಊರಿನ ಹೆಸರನ್ನು ಆ ಊರಿನ ಸರಕಿಗಷ್ಟೇ ಕಾಯ್ದಿಡುವ ಈ ಮಾನ್ಯತೆ ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳಿಗೂ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೂ ಇದೆ. ಚನ್ನಪಟ್ಟಣದ ಆಟಿಕೆ ತಿರುಗಣಿ ಯಂತ್ರದ ಮೇಲೆ ಹುಟ್ಟುವುದರಿಂದ ಅದರ ರೂಪ ದುಂಡಗೆ, ಸರಳ. ಉಡುಪಿನ ಸೂಕ್ಷ್ಮ ಅದಕ್ಕೆ ಒಗ್ಗದು. ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ, ಕಿಟ್ಟವೆಂದು ಕರೆಯುವ ಮುದ್ದೆಯಿಂದ ಮೈಕೈ ತುಂಬಿ ಬಣ್ಣ ಹಚ್ಚುವ ಕಿನ್ನಾಳದ ಚಿತ್ರಗಾರರ ಕ್ರಮದಲ್ಲಾದರೆ ಜಾರಿದ ಕಿರೀಟ, ಸಡಿಲ ಕಚ್ಚೆ, ಅಳುಮೋರೆಯ ಪುಟ್ಟ ಕೃಷ್ಣನನ್ನೂ ಮೂಡಿಸಲು ಅವಕಾಶವಿದೆ.

ಅಂಥ ಗೊಂಬೆಯನ್ನು ಮಾಡಿಸಬೇಕೆನ್ನುವ ಕುಟುಂಬಕ್ಕೆ ಮೊದಲು ಬೇಕಾಗುವುದು ಆಧಾರ. ಬಾಡಿಗೆಯ ಉಡುಪು ಅಂಗಡಿಗೆ ಮರಳಿರುತ್ತದೆ, ರಟ್ಟಿನ ಕಿರೀಟ ಉಳಿದಿರುವುದಿಲ್ಲ, ಹೀಗಾಗಿ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋವೊಂದೇ ದಾಖಲೆ. ಬಣ್ಣ ಮಾಸುತ್ತಿರುವ ಆ ಹಳೆಯ ಪ್ರತಿಗಳನ್ನು ಸ್ಕ್ಯಾನ್ ಮಾಡಿಸಿ, ವರ್ಷ, ಸಂದರ್ಭ, ಪಾತ್ರ, ಉಡುಪು ಹೊಲಿದವರು ಅಥವಾ ತಂದ ಅಂಗಡಿ, ಬಳಸಿದ ಸಾಮಗ್ರಿ, ಮಗುವಿನ ಅಂದಿನ ವಯಸ್ಸು ಇಷ್ಟನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಬೇಕು. ಹಳೆಯ ಫೋಟೋಗಳೆಲ್ಲ ಮುಂಭಾಗವನ್ನಷ್ಟೇ ತೋರಿಸುವುದರಿಂದ, ಕಚ್ಚೆಯನ್ನು ಹಿಂದೆ ಹೇಗೆ ಸಿಕ್ಕಿಸಲಾಗಿತ್ತು, ಕಿರೀಟದ ದಾರವನ್ನು ಎಲ್ಲಿ ಕಟ್ಟಲಾಗಿತ್ತು ಎಂಬುದು ಉಡಿಸಿದವರ ನೆನಪಿನಲ್ಲಿ ಮಾತ್ರ ಇದೆ. ಈಗ ವೇಷ ತೊಡಿಸುವ ತಂದೆತಾಯಂದಿರಾದರೋ ಬೆನ್ನ ಕಡೆಯಿಂದಲೂ ಒಂದು ಚಿತ್ರ ತೆಗೆದಿಟ್ಟರೆ ನಾಳೆ ಗೊಂಬೆ ಮಾಡುವ ಕುಶಲಕರ್ಮಿಗೆ ಅಷ್ಟು ಸಾಕಾಗುತ್ತದೆ.