ಓಡುತ್ತಿದ್ದ ಕಾರು ದಿಢೀರ್ ಆಫ್ ಆಗೋದು ಯಾಕೆ? ಪೆಟ್ರೋಲ್ ಲೈನ್ ಕಡೆ ಮೊದಲು ಗಮನ ಕೊಡಿ

ಬೈಪಾಸ್‌ನಲ್ಲಿ ಅರವತ್ತರ ಸ್ಪೀಡಿನಲ್ಲಿ ಹೋಗುತ್ತಿದ್ದ ಕಾರು ಎರಡು ಸಲ ಜರ್ಕ್ ಹೊಡೆದು ಆಫ್ ಆಗುತ್ತೆ. ಸ್ಟೇರಿಂಗ್ ಗಟ್ಟಿ, ಬ್ರೇಕ್ ಕೂಡ ಗಟ್ಟಿ. ಹಿಂದೆ ಲೋಡ್ ಲಾರಿ. ಇಂಥ ಹೊತ್ತಲ್ಲಿ ಜೀವಕ್ಕೇ ಅಪಾಯ. ಹೀಗಾಗಲು ಇಂಧನ ವ್ಯವಸ್ಥೆಯ ದೋಷವೂ ದೊಡ್ಡ ಕಾರಣ.

ಟ್ಯಾಂಕ್‌ನೊಳಗಿನ ಪಂಪ್

ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಫ್ಯುಯೆಲ್ ಪಂಪ್ ಸಾಮಾನ್ಯವಾಗಿ ಟ್ಯಾಂಕ್ ಒಳಗೇ ಇರುತ್ತದೆ. ಅದನ್ನು ತಂಪಾಗಿಡುವುದೂ ಪೆಟ್ರೋಲೇ. ಸದಾ ರಿಸರ್ವ್‌ನಲ್ಲೇ ಓಡಿಸಿದರೆ ಪಂಪ್ ಬಿಸಿಯಾಗಿ ಬೇಗ ಸವೆಯುತ್ತದೆ, ತಳದ ಕಸವನ್ನೂ ಎಳೆಯುತ್ತದೆ. ಹಾಗಾಗಿ ಕಾಲು ಟ್ಯಾಂಕ್ ಆದರೂ ಇರಲಿ.

ಕೆಲವೊಮ್ಮೆ ದೋಷ ಕಂಪನಿಯಿಂದಲೇ ಬಂದಿರುತ್ತದೆ. 2024ರಲ್ಲಿ ಹೋಂಡಾ ಕಂಪನಿ ಭಾರತದಲ್ಲಿ 90 ಸಾವಿರಕ್ಕೂ ಹೆಚ್ಚು ಹಳೆಯ ಕಾರುಗಳನ್ನು ಪಂಪ್ ಬದಲಿಸಲು ವಾಪಸ್ ಕರೆದಿತ್ತು. ಪಂಪ್‌ನ ಇಂಪೆಲ್ಲರ್ ಕೆಟ್ಟರೆ ಎಂಜಿನ್ ನಿಲ್ಲಬಹುದು ಎಂಬುದೇ ಕಾರಣ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಚಾಸಿ ನಂಬರ್ ಕೊಟ್ಟು ಶೋರೂಮ್‌ನಲ್ಲಿ ವಿಚಾರಿಸಿ. ಇಂಥ ಕರೆಯಲ್ಲಿ ಪಾರ್ಟ್ ಉಚಿತವಾಗಿ ಬದಲಿಸುತ್ತಾರೆ.

ಫಿಲ್ಟರ್, ನೀರು

ಫಿಲ್ಟರ್ ಕಟ್ಟಿಕೊಂಡರೆ ಊರೊಳಗೆ ಗಾಡಿ ಸರಿಯಾಗೇ ಓಡುತ್ತೆ. ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ ಪಿಕಪ್ ಬರಲ್ಲ.

ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ. ನೀರು ಹೆಚ್ಚು ಸೇರಿದರೆ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಪಂಪ್ ಮೊದಲು ಎಳೆಯುವುದು ಅದನ್ನೇ. ಬಂಕ್‌ನಿಂದ ಹೊರಟು ಸ್ವಲ್ಪ ದೂರದಲ್ಲೇ ಗಾಡಿ ನಿಂತರೆ ಪದೇ ಪದೇ ಸೆಲ್ಫ್ ಹೊಡೆಯಬೇಡಿ. ಮೆಕ್ಯಾನಿಕ್‌ನಿಂದ ಟ್ಯಾಂಕ್‌ನ ಸ್ಯಾಂಪಲ್ ತೆಗೆಸಿ ಗಾಜಿನ ಬಾಟಲಿಯಲ್ಲಿ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ನೀರು ಸೇರಿದೆ ಎಂದರ್ಥ. ದೂರು ಕೊಡಲು ಬಂಕ್ ಬಿಲ್ ಬೇಕು, ಎಸೆಯಬೇಡಿ.

ಡೀಸೆಲ್ ಗಾಡಿಯಲ್ಲಿ ಟ್ಯಾಂಕ್ ಪೂರ್ತಿ ಖಾಲಿಯಾದರೆ ಲೈನ್‌ಗೆ ಗಾಳಿ ಹೋಗುತ್ತದೆ. ಡೀಸೆಲ್ ಹಾಕಿದರೂ ಗಾಳಿ ತೆಗೆಯದೆ ಸ್ಟಾರ್ಟ್ ಆಗದಿರಬಹುದು.

ಗುರುತಿಸೋದು ಹೇಗೆ?

ಜರ್ಕ್ ಹೊಡೆದು, ಕುಂಟುತ್ತಾ ನಿಂತರೆ ಹೆಚ್ಚಾಗಿ ಇಂಧನದ ಸಮಸ್ಯೆ. ಕೀ ತಿರುಗಿಸಿದ ಹಾಗೆ ಒಮ್ಮೆಲೇ ಆಫ್ ಆದರೆ ವೈರಿಂಗ್, ಸೆನ್ಸರ್ ಅಥವಾ ಪಂಪ್‌ನ ರಿಲೇ ಇರಬಹುದು. ಕೀ ಆನ್ ಮಾಡಿದಾಗ ಅನೇಕ ಪೆಟ್ರೋಲ್ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಒಂದೆರಡು ಸೆಕೆಂಡ್ 'ಝೂಂ' ಅಂತ ಸದ್ದು ಬರುತ್ತೆ. ಬರುತ್ತಿದ್ದ ಸದ್ದು ನಿಂತಿದ್ದರೆ ಮೊದಲು ಫ್ಯೂಸ್, ರಿಲೇ ನೋಡಿಸಿ. ಆಮೇಲೆ ಪಂಪ್.

ರಸ್ತೆಯಲ್ಲಿ ಆಫ್ ಆದರೆ

ಕೀ ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ, ಸ್ಟೇರಿಂಗ್ ಲಾಕ್ ಆದೀತು. ಹಜಾರ್ಡ್ ಲೈಟ್ ಹಾಕಿ, ನ್ಯೂಟ್ರಲ್ ಮಾಡಿ, ಎಡಕ್ಕೆ ಸರಿಯಿರಿ. ಬ್ರೇಕ್ ಬಿಟ್ಟು ಬಿಟ್ಟು ತುಳಿದರೆ ಉಳಿದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಇನ್ನೂ ಗಟ್ಟಿಯಾಗುತ್ತೆ. ಒಂದೇ ಸಲ ಬಲವಾಗಿ ಒತ್ತಿ ಹಿಡಿಯಿರಿ.

ಒಮ್ಮೆ ಆಫ್ ಆಗಿ ಮತ್ತೆ ಸ್ಟಾರ್ಟ್ ಆಯ್ತು ಅಂತ ಸುಮ್ಮನಿರಬೇಡಿ. ಮುಂದಿನ ಸಲ ಘಾಟಿಯಲ್ಲೇ ನಿಲ್ಲಬಹುದು.